ಕೆಟ್ಟು ನಿಂತ ಟೈಗರ್‌ನ ಎಳೆಯೋದು: ಆ ಕಥೆ ಗೊತ್ತಿದ್ರೆ ಡಯೋರಾಮ ಸರಿ ಬರುತ್ತೆ

ಎರಡನೇ ಮಹಾಯುದ್ಧದ ಜರ್ಮನ್ ಹೆವಿ ಟ್ಯಾಂಕ್, ಒಂದು ಟೈಗರ್, ಕೆಸರಲ್ಲಿ ನಿಂತಿದೆ, ಅದರ ಮುಂದೆ ಒಂದರ ಹಿಂದೆ ಒಂದು ಮೂರು ಹಾಫ್‌ಟ್ರ್ಯಾಕ್ (ಮುಂದೆ ಚಕ್ರ, ಹಿಂದೆ ಟ್ಯಾಂಕ್ ಥರ ಟ್ರ್ಯಾಕ್ ಇರೋ ಗಾಡಿ) ಕಟ್ಟಿ ಎಳೀತಿದಾರೆ. ಈಸ್ಟರ್ನ್ ಫ್ರಂಟ್‌ನ, ಅಂದ್ರೆ ಜರ್ಮನಿ-ಸೋವಿಯೆತ್ ಯುದ್ಧದ, ಹಳೇ ಫೋಟೋಗಳಲ್ಲಿ ಈ ದೃಶ್ಯ ಮತ್ತೆ ಮತ್ತೆ ಸಿಗುತ್ತೆ, ಅದಕ್ಕೇ 1/35 ಸ್ಕೇಲ್‌ನಲ್ಲಿ ಮಾಡೆಲ್ ಕಟ್ಟೋರಿಗೆ ರಿಕವರಿ ಡಯೋರಾಮ, ಅಂದ್ರೆ ಕೆಟ್ಟ ಟ್ಯಾಂಕ್ ಎಳೆಯೋ ದೃಶ್ಯದ ಪುಟ್ಟ ಮಾದರಿ, ಅಷ್ಟು ಇಷ್ಟ. ಆದ್ರೆ ತುಂಬಾ ಮಾಡೆಲ್‌ಗಳಲ್ಲಿ ಪೇಂಟ್ ಚೆನ್ನಾಗಿರುತ್ತೆ, ಕೆಸರು ಚೆನ್ನಾಗಿರುತ್ತೆ, ಎಳೆಯೋ ಕೇಬಲ್ ಮಾತ್ರ ಬಟ್ಟೆ ಒಣಗಿಸೋ ಹಗ್ಗದ ಥರ ಜೋಲಾಡ್ತಿರುತ್ತೆ. 57 ಟನ್ ಎಳೀತಿರೋ ಕೇಬಲ್ ಹಂಗಿರೋಕೆ ಸಾಧ್ಯಾನೇ ಇಲ್ಲ. ಇದು ಬರೀ ಕೈಚಳಕದ ವಿಷಯ ಅಲ್ಲ, ಜರ್ಮನ್ ಸೈನ್ಯಕ್ಕೆ ತನ್ನ ಟ್ಯಾಂಕ್‌ಗಳನ್ನ ಎಳೆಯೋದು ಯಾಕಷ್ಟು ಕಷ್ಟ ಆಯ್ತು ಅನ್ನೋದು ಗೊತ್ತಾದ್ರೆ ಮಾಡೆಲ್‌ನಲ್ಲಿ ಏನು ತೋರಿಸ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಶುರುವಿಂದ ನೋಡಣ. 1938ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿದಾಗ ಒಂದು ಗುಂಡೂ ಹಾರಲಿಲ್ಲ, ಆದ್ರೂ ವಿಯೆನ್ನಾಕ್ಕೆ ಹೋಗೋ ದಾರೀಲಿ ಸಾಕಷ್ಟು ಟ್ಯಾಂಕ್‌ಗಳು ಕೆಟ್ಟು ನಿಂತ್ವು. ರಿಪೇರಿ ವ್ಯವಸ್ಥೆ ಸಾಲ್ದು ಅಂತ ಟ್ಯಾಂಕ್ ಪಡೆಯ ಜನರಲ್ ಗುಡೇರಿಯನ್‌ಗೆ ಆಗ್ಲೇ ಗೊತ್ತಾಯ್ತು. ಆಗಿನ ಪ್ಯಾಂಝರ್ 1 ಅಂದ್ರೆ ಐದೂವರೆ ಟನ್ ಆಸುಪಾಸು, ಎಳೆಯೋದು ದೊಡ್ಡ ಮಾತಲ್ಲ. ಆಮೇಲೆ ಬ್ರೆಸ್ಲಾವ್‌ನ ಫಾಮೊ ಕಂಪನಿಯ 18 ಟನ್ ಹಾಫ್‌ಟ್ರ್ಯಾಕ್ ಬಂತು, ಎಲ್ರೂ ಅದನ್ನ ಫಾಮೊ ಅಂತ್ಲೇ ಕರೆಯೋದು. ಮೇಬಾಕ್ ವಿ12 ಇಂಜಿನ್, ಹಿಂದ್ಗಡೆ ವಿಂಚ್ (ಕೇಬಲ್ ಸುತ್ತಿ ಎಳೆಯೋ ಯಂತ್ರ), ಹೆಸರೇ ಹೇಳೋ ಹಂಗೆ 18 ಟನ್ ಎಳೆಯೋ ತಾಕತ್ತು. ಪ್ಯಾಂಝರ್ 3, ಪ್ಯಾಂಝರ್ 4 ಓಡಾಡ್ತಿದ್ದ ಕಾಲಕ್ಕೆ ಇದು ಸರಿಯಾದ ಗಾಡಿ, ಜೊತೆಗೆ ಎಸ್‌ಡಿ ಎಎಚ್ 116 ಅನ್ನೋ ಟ್ರೈಲರ್ ಇತ್ತು, ಅದರ ಮೇಲೆ ಟ್ಯಾಂಕ್ ಹತ್ತಿಸಿ ರಸ್ತೇಲಿ ಸಾಗಿಸ್ತಿದ್ರು.

ಉತ್ತರ ಆಫ್ರಿಕಾದಲ್ಲಿ ಈ ವ್ಯವಸ್ಥೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತು ಅಂದ್ರೆ, ಸಂಜೆ ಯುದ್ಧ ನಿಂತ ಮೇಲೆ ಜರ್ಮನ್ ರಿಕವರಿ ತಂಡಗಳು ಕತ್ತಲಲ್ಲೇ ಮರಳುಗಾಡಿಗೆ ಹೋಗಿ ಏಟು ತಿಂದ ಟ್ಯಾಂಕ್‌ಗಳನ್ನ ಎಳ್ಕೊಂಡು ಬಂದು ವರ್ಕ್‌ಶಾಪ್‌ಗೆ ಹಾಕ್ತಿದ್ವು, ಕೆಲವು ದಿನಕ್ಕೆ ಅದೇ ಟ್ಯಾಂಕ್ ಮತ್ತೆ ಎದುರಿಗೆ ಬರ್ತಿತ್ತು. ರಣರಂಗ ಯಾರ ಕೈಲಿ ಉಳಿಯುತ್ತೋ ಅವರಿಗೇ ಕೆಟ್ಟ ಟ್ಯಾಂಕೂ ಉಳಿಯುತ್ತೆ. ಬ್ರಿಟಿಷರೂ ಆ ಪಾಠ ಕಲಿತ್ರು, 1942ರ ಅಕ್ಟೋಬರ್‌ನಲ್ಲಿ ರಿಪೇರಿ ಮತ್ತು ರಿಕವರಿಗೆ ಅಂತ್ಲೇ ರೀಮ್ ಅನ್ನೋ ಬೇರೆ ಕೋರ್ ಕಟ್ಟಿದ್ರು.

ಎಡವಟ್ಟಾಗಿದ್ದು ಟೈಗರ್ ಬಂದಾಗ. 1942ರ ಆಗಸ್ಟ್ ಕೊನೇಲಿ ಲೆನಿನ್‌ಗ್ರಾಡ್ ಹತ್ರ ಮ್ಗಾ ಸ್ಟೇಷನ್ನಲ್ಲಿ ಮೊದಲ ಟೈಗರ್‌ಗಳು ಇಳಿದ್ವು, ಇಳಿದ ತಕ್ಷಣವೇ ಟ್ರಾನ್ಸ್‌ಮಿಷನ್ ತೊಂದ್ರೆ, ಜೌಗು ನೆಲದಲ್ಲಿ ಹೂತು ಹೋಗೋದು. 57 ಟನ್ ಟ್ಯಾಂಕ್, ಎಳೆಯೋಕೆ ಇರೋದು 18 ಟನ್‌ನ ಗಾಡಿ. ಲೆಕ್ಕ ಹಾಕಿದ್ರೆ ಮೂರು ಫಾಮೊ ಬೇಕು, ಅದೂ ಗಟ್ಟಿ ರಸ್ತೆ ಇದ್ರೆ. ಟ್ಯಾಂಕ್ ಹೊಡೆಯೋಕೆ ಮಾಡಿದ್ದ 65 ಟನ್‌ನ ಫರ್ಡಿನಾಂಡ್ ಅನ್ನೋ ಗಾಡಿ ಇನ್ನೂ ಕೆಟ್ಟದು. ಇನ್ನೊಂದು ಟೈಗರ್ ಕಟ್ಟಿ ಎಳೀಬೇಡಿ, ಅದರ ಇಂಜಿನ್ನು ಗೇರ್‌ಬಾಕ್ಸೂ ಹೋಗುತ್ತೆ ಅಂತ ಆದೇಶ ಇತ್ತು, ಆದ್ರೆ ಎದುರಿಗೆ ಸೋವಿಯೆತ್ ಟ್ಯಾಂಕ್ ಬರ್ತಿರೋವಾಗ ಜೊತೆಗಾರರನ್ನ ಬಿಟ್ಟು ಯಾರು ಹೋಗ್ತಾರೆ, ಟೈಗರ್‌ಗೆ ಟೈಗರ್ರೇ ಕಟ್ಟಿ ಎಳೆದ ಫೋಟೋಗಳು ಬೇಕಾದಷ್ಟಿವೆ. ಹಂಗಾಗಿ ಮಾಡೆಲ್‌ನಲ್ಲಿ ಎರಡು ಟೈಗರ್ ಇಟ್ರೆ ಅದು ತಪ್ಪಲ್ಲ.

1943ರ ಜುಲೈ, ರಷ್ಯಾದ ಕುರ್ಸ್ಕ್‌ನ ದೊಡ್ಡ ಕದನ. ಪ್ಯಾಂಥರ್ ಅನ್ನೋ ಹೊಸ ಟ್ಯಾಂಕ್ 200 ತಂದ್ರು, ಜುಲೈ 10ರ ಸಂಜೆಗೆ ಮುಂಚೂಣೀಲಿ ಓಡೋ ಸ್ಥಿತೀಲಿ ಉಳಿದಿದ್ದು ಹತ್ತರ ಆಸುಪಾಸು. ಮೈನ್ಸ್, ಆಂಟಿಟ್ಯಾಂಕ್ ಗನ್ ಒಂದು ಕಡೆ, ಇಂಜಿನ್ ಮತ್ತು ಫೈನಲ್ ಡ್ರೈವ್ (ಟ್ರ್ಯಾಕ್ ತಿರುಗಿಸೋ ಕೊನೇ ಗೇರ್‌ಗಳು) ತೊಂದ್ರೆ ಇನ್ನೊಂದು ಕಡೆ. ಇದರಲ್ಲಿ ಹೆಚ್ಚಿನವು ರಿಪೇರಿ ಆಗೋಂಥವೇ. ಆದ್ರೆ ಪ್ರತಿ ಪ್ಯಾಂಥರ್‌ಗೂ ಎರಡು ಮೂರು ಫಾಮೊ ಬೇಕಲ್ಲ, ಅಷ್ಟು ಎಲ್ಲಿಂದ ತರ್ತಾರೆ? ಆಗಸ್ಟ್‌ನಲ್ಲಿ ಜರ್ಮನರು ಬೆಲ್ಗೊರೊಡ್ ಬಿಟ್ಟು ಹಿಂದೆ ಸರಿದಾಗ ಎಳೆಯೋಕಾಗದ ಎಷ್ಟೋ ಟ್ಯಾಂಕ್‌ಗಳನ್ನ ತಾವೇ ಸಿಡಿಸಿ ಹೋದ್ರು, ಕೆಲವು ಹಂಗೇ ಶತ್ರು ಕೈಗೆ ಸಿಕ್ವು. ನನ್ನ ಅಭಿಪ್ರಾಯ ಕೇಳಿದ್ರೆ ಜರ್ಮನ್ ಹೆವಿ ಟ್ಯಾಂಕ್‌ಗಳ ನಿಜವಾದ ಕಥೆ ಇರೋದು ಇಲ್ಲೇ, 88 ಎಂಎಂ ಗನ್ ಎಷ್ಟು ದೂರಕ್ಕೆ ಹೊಡೀತಿತ್ತು ಅನ್ನೋದರಲ್ಲಿ ಅಲ್ಲ.

ಇದಕ್ಕೆ ಉತ್ತರ ಅಂತ ಬಂದಿದ್ದು ಬರ್ಗೆಪ್ಯಾಂಥರ್. ಪ್ಯಾಂಥರ್‌ನ ಟರೆಟ್ (ಗನ್ ಇರೋ, ತಿರುಗೋ ಮೇಲ್ಭಾಗ) ತೆಗೆದು, ಒಳಗೆ 40 ಟನ್ ಎಳೆಯೋ ವಿಂಚ್ ಕೂರಿಸಿ, ಹಿಂದೆ ನೆಲಕ್ಕೆ ನಾಟೋ ದೊಡ್ಡ ಸ್ಪೇಡ್ ಹಾಕಿದ್ರು. 1943ರ ಜೂನ್‌ನಲ್ಲಿ ತಯಾರಿ ಶುರು, ಆದ್ರೆ ಮೊದಲ ಕೆಲವಕ್ಕೆ ವಿಂಚೇ ಇರ್ಲಿಲ್ಲ. ಕೆಲಸ ಮಾಡೋ ರೀತಿ ಹಿಂಗೆ: ಗಾಡಿ ಗಟ್ಟಿ ನೆಲದಲ್ಲಿ ನಿಂತು ಸ್ಪೇಡ್ ಇಳಿಸುತ್ತೆ, ಕೇಬಲ್ ಎಳೆದಷ್ಟೂ ಸ್ಪೇಡ್ ನೆಲದೊಳಗೆ ಇಳಿದು ಗಾಡೀನ ಹಿಡ್ಕೊಳ್ಳುತ್ತೆ, ಆಗ ಹೂತ ಟ್ಯಾಂಕ್ ನಿಧಾನಕ್ಕೆ ಮೇಲೆ ಬರುತ್ತೆ. ಒಳ್ಳೇ ಗಾಡಿ, ಆದ್ರೆ ಕೊನೇವರೆಗೂ ಮಾಡಿದ್ದು ಮುನ್ನೂರಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇವತ್ತು ಇಂಥ ರಿಕವರಿ ಗಾಡಿ ಇಲ್ಲದೆ ಯಾವ ಟ್ಯಾಂಕ್ ಪಡೇನೂ ಹೊರಡಲ್ಲ, ನಮ್ಮ ಕೆಜಿಎಫ್‌ನ ಬಿಇಎಂಎಲ್ ಕೂಡ ಪೋಲೆಂಡ್ ಲೈಸೆನ್ಸ್‌ನಲ್ಲಿ ನಮ್ಮ ಸೈನ್ಯಕ್ಕೆ ಅಂಥವನ್ನ ಮಾಡಿಕೊಟ್ಟಿದೆ.

ಬರ್ಗೆಟೈಗರ್ ಅಂತ ಇನ್ನೊಂದಿದೆ, ಅದರ ಬಗ್ಗೆ ಹುಷಾರು. 1944ರಲ್ಲಿ ಇಟಲೀಲಿ ಸಿಕ್ಕ ಟೈಗರ್, ಗನ್ ಇಲ್ಲ, ಟರೆಟ್ ಹಿಂದೆ ತಿರುಗಿಸಿ ಮೇಲೆ ಸಣ್ಣದೊಂದು ವಿಂಚ್ ಹಾಕಿದ್ರು. ಕೆಲವು ಕಂಪನಿಗಳು ಅದನ್ನ ರಿಕವರಿ ಟ್ಯಾಂಕ್ ಅಂತ್ಲೇ ಕಿಟ್ ಮಾಡಿ ಮಾರಿವೆ. ಆ ವಿಂಚ್‌ನಿಂದ ಟೈಗರ್ ಎಳೆಯೋದು ಕನಸಿನ ಮಾತು, ಅದು ಸ್ಫೋಟಕ ಇಡೋಕೆ ಮಾಡ್ಕೊಂಡಿದ್ದ ಗಾಡಿ ಅನ್ನೋ ವಾದವೇ ನನಗೆ ಸರಿ ಅನ್ಸುತ್ತೆ. ಕಿಟ್ ತಗೊಳ್ಳಿ, ಕಟ್ಟಿ, ಆದ್ರೆ ಅದರ ಹಿಂದೆ ಇನ್ನೊಂದು ಟೈಗರ್ ಕಟ್ಟಬೇಡಿ.

ಈಗ ಮೇಜಿನ ಮೇಲಿನ ಕೆಲಸಕ್ಕೆ ಬರಣ. ಎಷ್ಟೋ ವರ್ಷ 1/35ರಲ್ಲಿ ಒಳ್ಳೇ ಪ್ಲಾಸ್ಟಿಕ್ ಫಾಮೊ ಕಿಟ್ ಇರ್ಲಿಲ್ಲ, ಟಮಿಯಾ ಕಂಪನಿ ತಂದಿದ್ದು 2000ದ ಆಸುಪಾಸಲ್ಲಿ, ಅದರ ಹಿಂದೆಯೇ ಟ್ರೈಲರ್ ಕೂಡ ಬಂತು, ಆಮೇಲೇ ಈ ಥರ ದೃಶ್ಯಗಳು ಎಲ್ಲಾ ಕಡೆ ಕಾಣಿಸಿದ್ದು. ಬರ್ಗೆಪ್ಯಾಂಥರ್ ಇಟಾಲೆರಿಯಿಂದ ದಶಕಗಳ ಹಿಂದೇನೇ ಇತ್ತು, ಈಚೆಗೆ ಟಾಕೋಮ್ ಒಳಭಾಗ ಸಮೇತ ಮಾಡಿದೆ. ಹಳೇ ಕಿಟ್‌ಗಳಲ್ಲಿ ಕೇಬಲ್‌ಗೆ ಅಂತ ದಾರ ಕೊಡ್ತಿದ್ರು, ಅದನ್ನ ಪಕ್ಕಕ್ಕಿಡಿ, ನೂಲಿನ ಜುಂಗು ಪೇಂಟ್ ಆದ್ಮೇಲೂ ಕಾಣುತ್ತೆ. ಟೈಗರ್‌ನ ದಪ್ಪ ಕೇಬಲ್ ಮೂರು ಸೆಂಟಿಮೀಟರ್ ಚಿಲ್ಲರೆ ದಪ್ಪ ಇತ್ತು, ನಮ್ಮ ಸ್ಕೇಲ್‌ಗೆ ಅದು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಕಮ್ಮಿ. ಹೆಣೆದ ತಾಮ್ರದ ತಂತಿ ಆಗುತ್ತೆ, ಇಲ್ಲಾಂದ್ರೆ ಯುರೇಕಾ ಎಕ್ಸ್‌ಎಕ್ಸ್‌ಎಲ್ ಕಂಪನಿಯವರ ಕೇಬಲ್ ಸೆಟ್ ಸಿಗುತ್ತೆ. ಟ್ಯಾಂಕ್ ಮೇಲೆ ಸುಮ್ಮನೆ ಮಲಗಿರೋ ಕೇಬಲ್‌ಗೆ ತಂತೀನ ಉರಿ ಮೇಲೆ ಒಂದ್ಸಲ ಕಾಯಿಸಿ ಮೆತ್ತಗೆ ಮಾಡ್ಕೊಳ್ಳಿ, ಆಗ ಅದು ಭಾರಕ್ಕೆ ಬಾಗಿದ ಹಂಗೆ ಕೂರುತ್ತೆ. ಎಳೀತಿರೋ ಕೇಬಲ್‌ಗೆ ಮಾತ್ರ ಕಾಯಿಸ್ಬೇಡಿ, ಎರಡೂ ಮಾಡೆಲ್‌ಗಳನ್ನ ಬೇಸ್‌ಗೆ ಸ್ಕ್ರೂ ಹಾಕಿ ಬಿಗಿದ್ಮೇಲೆ ಕೇಬಲ್ ಎಳೆದು ಹಿಡಿದು ಸೂಪರ್ ಗ್ಲೂ ಹಾಕಿ, ನೇರವಾಗಿ ನಿಲ್ಲುತ್ತೆ.

ಕೇಬಲ್ ಎಲ್ಲಿಗೆ ಕಟ್ಟೋದು ಅನ್ನೋದೂ ಮುಖ್ಯ. ಟೈಗರ್‌ನ ಎರಡೂ ಪಕ್ಕದ ದಪ್ಪ ಪ್ಲೇಟ್‌ಗಳು ಮುಂದಕ್ಕೆ ಚಾಚಿರುತ್ತೆ, ಅದರ ತೂತಿಗೇ ಶಾಕಲ್ (ಕೇಬಲ್ ಸಿಕ್ಕಿಸೋ ಯು ಆಕಾರದ ಕೊಂಡಿ) ಹಾಕೋದು. ಎರಡು ಕೇಬಲ್‌ನ ಅಡ್ಡಡ್ಡ ಕತ್ತರಿ ಥರ ಕಟ್ತಿದ್ರು, ಹಂಗೆ ಕಟ್ಟಿದ್ರೆ ತಿರುವಲ್ಲಿ ಹಿಂದಿನ ಟ್ಯಾಂಕ್ ಮುಂದಿನದರ ದಾರೀಲೇ ಬರುತ್ತೆ. ಟೈಗರ್‌ನ ಎಡಗಡೆ ಪಕ್ಕದಲ್ಲಿರೋ ಸಣ್ಣ ಕೇಬಲ್ ಟ್ರ್ಯಾಕ್ ಹಾಕೋಕೆ ಇರೋದು, ಅದನ್ನ ಟೋ ಮಾಡೋಕೆ ಬಳಸಿದ ಮಾಡೆಲ್ ನೋಡಿದಾಗ ನಿಜಕ್ಕೂ ಬೇಜಾರಾಗುತ್ತೆ, ಬೇರೆ ಎಲ್ಲಾ ಕೆಲಸ ಅಷ್ಟು ಚೆನ್ನಾಗಿರುತ್ತೆ.

ಟ್ರ್ಯಾಕ್ ಕಡೆ ಜನ ಗಮನ ಕೊಡೋದು ಇನ್ನೂ ಕಮ್ಮಿ. ಜರ್ಮನ್ ಟ್ಯಾಂಕ್‌ಗೆ ಟ್ರ್ಯಾಕ್ ಎಳೆಯೋ ಸ್ಪ್ರಾಕೆಟ್ (ಹಲ್ಲಿನ ಚಕ್ರ) ಮುಂದ್ಗಡೆ ಇರುತ್ತೆ. ಟ್ಯಾಂಕ್ ತನ್ನ ಬಲದಲ್ಲಿ ಮುಂದೆ ಹೋಗೋವಾಗ ಸ್ಪ್ರಾಕೆಟ್ ಮೇಲಿನ ಟ್ರ್ಯಾಕನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ಹಂಗಾಗಿ ಮೇಲ್ಭಾಗ ಬಿಗಿ. ಎಳೆಸ್ಕೊಳ್ತಿರೋ ಟ್ಯಾಂಕ್‌ನಲ್ಲಿ ಉಲ್ಟಾ, ಸ್ಪ್ರಾಕೆಟ್ಟೇ ತಡೀತಿರುತ್ತೆ, ಅದಕ್ಕೆ ಸ್ಪ್ರಾಕೆಟ್‌ನಿಂದ ನೆಲಕ್ಕೆ ಇಳಿಯೋ ಭಾಗ ಬಿಗಿಯಾಗಿ ಮೇಲ್ಭಾಗ ಸಡಿಲ ಬೀಳುತ್ತೆ. ಹಂಗಾಗಿ ಎಳೆಯೋ ಟೈಗರ್‌ಗೂ ಎಳೆಸ್ಕೊಳ್ಳೋ ಟೈಗರ್‌ಗೂ ಒಂದೇ ಥರ ಟ್ರ್ಯಾಕ್ ಹಾಕಿದ್ರೆ ತಪ್ಪಾಗುತ್ತೆ. ಪ್ಯಾಂಥರ್‌ನ ಫೈನಲ್ ಡ್ರೈವ್ ಮುರಿದು ಜಾಮ್ ಆಗಿದ್ರೆ ಟ್ರ್ಯಾಕನ್ನೇ ಬಿಚ್ಚಿ ಬರೀ ಚಕ್ರದ ಮೇಲೆ ಎಳೀಬೇಕಾಗಿತ್ತು, ಆಗ ಆ ಟ್ಯಾಂಕ್ ಹಿಂದೆ ನೆಲದಲ್ಲಿ ಟ್ರ್ಯಾಕ್ ಹಲ್ಲಿನ ಗುರುತು ಇರಲ್ಲ, ಚಕ್ರ ಕೊರೆದ ಆಳದ ಗೆರೆ ಇರುತ್ತೆ, ಬಿಚ್ಚಿದ ಟ್ರ್ಯಾಕ್ ಪಕ್ಕದಲ್ಲೋ ಇನ್ನೊಂದು ಗಾಡೀಲೋ ಇರುತ್ತೆ.

ಕೊನೇದಾಗಿ ತಾರೀಖು ನೋಡ್ಕೊಳ್ಳಿ. ಟ್ಯುನೀಷಿಯಾದ ಟೈಗರ್ ಮುಂದೆ ಫಾಮೊ ಇರಬಹುದು, ಬರ್ಗೆಪ್ಯಾಂಥರ್ ಇರೋಕಾಗಲ್ಲ, ಅಲ್ಲಿ ಯುದ್ಧ 1943ರ ಮೇನಲ್ಲೇ ಮುಗೀತು. ಟೈಗರ್ ಆದ್ಮೇಲೆ ಬಂದ ಇನ್ನೂ ಭಾರದ ಕಿಂಗ್ ಟೈಗರ್ 70 ಟನ್ ಹತ್ರ, ಅದನ್ನ ಒಂದೇ ಫಾಮೊ ರಸ್ತೇಲಿ ಎಳ್ಕೊಂಡು ಹೋಗೋ ದೃಶ್ಯ ಬೇಡ. ಬೆಲ್ಜಿಯಂನ ಆರ್ಡೆನ್ಸ್ ಕದನದ ದೃಶ್ಯ ಮಾಡೋರಾದ್ರೆ ಎಳೆಯೋ ಗಾಡಿ ಇಲ್ದೇನೇ ಮಾಡಿ, 1944ರ ಡಿಸೆಂಬರ್‌ನಲ್ಲಿ ಅಲ್ಲಿನ ಲಾ ಗ್ಲೇಝ್ ಅನ್ನೋ ಊರಲ್ಲಿ ಪೆಟ್ರೋಲ್ ಮುಗಿದು ಜರ್ಮನ್ ಅಧಿಕಾರಿ ಪೈಪರ್‌ನ ತಂಡ ಗಾಡಿಗಳನ್ನ ಬಿಟ್ಟು ನಡ್ಕೊಂಡು ಹೋಯ್ತು, ಆಗ ಉಳಿದ 213 ನಂಬರಿನ ಕಿಂಗ್ ಟೈಗರ್ ಇವತ್ತಿಗೂ ಅದೇ ಊರಿನ ಮ್ಯೂಸಿಯಂ ಮುಂದಿದೆ, ಅದರ ಫೋಟೋಗಳು ರೆಫರೆನ್ಸ್‌ಗೆ ಸುಲಭವಾಗಿ ಸಿಗುತ್ತೆ.