ಬುಗುರಿಯಂತೆ ಬೆಳೆಯುವ ಮಾಣಿಕ್ಯ

ಬೆಂಗಳೂರಿನ ಎಚ್‌ಎಂಟಿ ಜನತಾ ಕೈಗಡಿಯಾರದ ಮುಖದ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತಿತ್ತು. ಒಳಗಿನ ಚಕ್ರಗಳ ಅಚ್ಚು ಸವೆಯದೆ ತಿರುಗಲೆಂದು ಕೂರಿಸಿದ ಪುಟ್ಟ ಕೆಂಪು ಹರಳುಗಳವು. ಗಣಿಯಲ್ಲಿ ಸಿಕ್ಕವಲ್ಲ, ಬೆಂಕಿಯಲ್ಲಿ ಬೆಳೆಸಿದವು. ಬೆಳೆಸಿದ ಹರಳೆಂದರೆ ಬರೀ ಗಾಜು ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಅದು ತಪ್ಪು. ಅಲ್ಯೂಮಿನಿಯಂ ಆಕ್ಸೈಡ್ ಹರಳಿನಲ್ಲಿ ಚೂರು ಕ್ರೋಮಿಯಂ ಬೆರೆತರೆ ಅದು ಮಾಣಿಕ್ಯವೇ, ನೆಲದಡಿ ಹುಟ್ಟಿದ್ದಾದರೂ ಸರಿ, ಕುಲುಮೆಯಲ್ಲಿ ಹುಟ್ಟಿದ್ದಾದರೂ ಸರಿ.

ಕಷ್ಟವಿದ್ದದ್ದು ಆಕಾರದಲ್ಲಿ. 1877ರಲ್ಲಿ ಪ್ಯಾರಿಸ್‌ನ ಎಡ್ಮಂಡ್ ಫ್ರೆಮಿ ಮೂಸೆಯಲ್ಲಿ ಮಾಣಿಕ್ಯ ಬೆಳೆಸಿ ತೋರಿಸಿದರು. ಆದರೆ ಸಿಕ್ಕಿದ್ದು ತೆಳ್ಳಗಿನ ಚಕ್ಕೆಗಳು. ಸಾಣೆ ಹಿಡಿಯಲು ಬೇಕಾದ ದಪ್ಪವೇ ಅವಕ್ಕಿರಲಿಲ್ಲ. ಅವರ ಶಿಷ್ಯ ಆಗಸ್ಟ್ ವರ್ನ್ಯೂಯಿ ಮೂಸೆಯನ್ನೇ ಕೈಬಿಟ್ಟು, 1902ರಲ್ಲಿ ಹೊಸ ವಿಧಾನವೊಂದನ್ನು ಪ್ರಕಟಿಸಿದರು.

ಮೇಲೊಂದು ಅಲ್ಯೂಮಿನಿಯಂ ಆಕ್ಸೈಡ್ ಪುಡಿಯ ಡಬ್ಬಿ, ಅದರ ತಳದಲ್ಲಿ ಜರಡಿ. ಪುಟ್ಟ ಸುತ್ತಿಗೆ ಟಕಟಕ ಬಡಿಯುತ್ತಿದ್ದಂತೆ ನುಣುಪಾದ ಪುಡಿ ಉದುರಿ, ಜಲಜನಕ ಮತ್ತು ಆಮ್ಲಜನಕದ ಜ್ವಾಲೆಯಲ್ಲಿ ಕರಗಿ, ಕೆಳಗಿನ ಕಂಬದ ಮೇಲೆ ಹನಿಯಾಗಿ ಕೂರುತ್ತದೆ. ಕರಗಲು 2,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಕಾವು ಬೇಕು. ಇಲ್ಲಿಯೇ ವರ್ನ್ಯೂಯಿಯ ನಿಜವಾದ ಜಾಣ್ಮೆ ಇರುವುದು. ಮೊದಲು ಕಡ್ಡಿಯಷ್ಟು ಸಣ್ಣ ಕುತ್ತಿಗೆ ಬೆಳೆಯಲು ಬಿಟ್ಟು, ಆಮೇಲೆ ಆಮ್ಲಜನಕವನ್ನು ಹೆಚ್ಚಿಸಿ ಹರಳನ್ನು ಅಗಲವಾಗಿಸಿದರು. ಕಂಬಕ್ಕೆ ಅಂಟಿದ ಜಾಗ ಕಿರಿದಾದಷ್ಟೂ ತಣಿಯುವಾಗ ಬಿರುಕು ಕಡಿಮೆ. ಒಂದೆರಡು ಗಂಟೆಯಲ್ಲಿ ಮೊಳೆಯ ಮೇಲೆ ನಿಂತ ಬುಗುರಿಯಂಥ ಮಾಣಿಕ್ಯ ಸಿದ್ಧ. ಆದರೂ ಒಳಗಿನ ಬಿಗಿತ ಪೂರ್ತಿ ಹೋಗುವುದಿಲ್ಲ. ಕುತ್ತಿಗೆ ಮುರಿದರೆ ಸಾಕು, ಬುಗುರಿ ಉದ್ದುದ್ದಕ್ಕೆ ಎರಡು ಹೋಳಾಗುತ್ತದೆ.

ಒಡವೆಗೆ ಹೋಳಾದರೂ ನಡೆಯುತ್ತದೆ, ಉಪಕರಣಗಳಿಗೆ ಬೇಕಾದ ಪಾರದರ್ಶಕ ಕಿಟಕಿಗೆ ಮತ್ತು ಕೊಳವೆಗೆ ನಡೆಯುವುದಿಲ್ಲ. ಇದೇ ಕುಲದ ನೀಲಮಣಿಯ ಗಡಸುತನ ಹತ್ತರವರೆಗಿನ ಮೋಸ್ ಮಾಪನದಲ್ಲಿ 9. ಅದನ್ನು ವಜ್ರದಿಂದ ಕೊಯ್ದು ರೂಪ ಕೊಡುವ ಖರ್ಚು ಅಷ್ಟಿಷ್ಟಲ್ಲ. ಹಾಗಾದರೆ ಬೇಕಾದ ಆಕಾರದಲ್ಲೇ ಬೆಳೆಸಿದರೇನು? ಸೋವಿಯತ್ ವಿಜ್ಞಾನಿ ಸ್ಟೆಪಾನೊವ್ ಲೋಹಗಳಲ್ಲಿ ಇಂಥ ಪ್ರಯೋಗವನ್ನು 1930ರ ದಶಕದಲ್ಲೇ ಮಾಡಿದ್ದರು. 1960ರ ದಶಕದಲ್ಲಿ ಅಮೆರಿಕದ ಟೈಕೊ ಪ್ರಯೋಗಾಲಯದ ಹೆರಾಲ್ಡ್ ಲಬೆಲ್ ಅದನ್ನು ನೀಲಮಣಿಯಲ್ಲಿ ಸಾಧಿಸಿದರು. ಕರಗಿದ ದ್ರವದಲ್ಲಿ ಮಾಲಿಬ್ಡಿನಮ್ ಲೋಹದ ಅಚ್ಚೊಂದನ್ನು ನಿಲ್ಲಿಸುತ್ತಾರೆ. ದೀಪದ ಬತ್ತಿಗೆ ಎಣ್ಣೆ ಏರುವಂತೆ ದ್ರವ ಅದರ ಸೀಳಿನಲ್ಲಿ ಏರಿ, ಅಚ್ಚಿನ ತಲೆಯ ಮೇಲೆ ಹರಡಿ, ಅಂಚಿಗೆ ಬಂದು ನಿಲ್ಲುತ್ತದೆ. ಬೆಳವಣಿಗೆಗೆ ಮೊದಲಾಗುವ ಪುಟ್ಟ ಬೀಜಹರಳನ್ನು ತಾಗಿಸಿ ನಿಧಾನವಾಗಿ ಮೇಲೆತ್ತಿದರೆ ಅಚ್ಚಿನಂತೆ ಪಟ್ಟಿಯೋ ಕೊಳವೆಯೋ ಹೊರಬರುತ್ತದೆ.

ವರ್ನ್ಯೂಯಿಯ ಬುಗುರಿ ಇಂದಿಗೂ ಬಳಕೆಯಲ್ಲಿದೆ. ಉಂಗುರದ ಕೆಂಪು ಹರಳನ್ನು ಭೂತಗನ್ನಡಿಯಲ್ಲಿ ತಿರುತಿರುಗಿಸಿ ನೋಡುವ ಪರೀಕ್ಷಕರು ಹುಡುಕುವುದು ಬಾಗಿದ ಸಣ್ಣ ಗೆರೆಗಳನ್ನು. ಗಣಿಯ ಕಲ್ಲಿನಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ. ಈ ಗೆರೆಗಳು ಬಾಗಿರುವುದು, ಬುಗುರಿಯ ದುಂಡು ತಲೆಯ ಮೇಲೆ ಪದರದ ಮೇಲೆ ಪದರ ಕೂತಿದ್ದರಿಂದ.