'ಅಂತೆ' ಎಲ್ಲಿ ಬಿದ್ದುಹೋಯಿತು?

ಆರನೇ, ಏಳನೇ ತರಗತಿಯ ಮಕ್ಕಳಿಗೆ ವಿಮರ್ಶಾತ್ಮಕ ಆಲೋಚನೆ ಕಲಿಸಲು ದೊಡ್ಡ ಕಥೆ ಬೇಡ. ಎಂಟು ವಾಕ್ಯದ್ದು ಸಾಕು. ಅದರಲ್ಲಿ ನೀತಿ ಇರಬಾರದು, ಅವರ ಮನೆಯಲ್ಲೇ ನಡೆಯುವಂಥದ್ದಾಗಿರಬೇಕು. ಇಂಥದ್ದು:

'ಗೌರಿ ದಿನಾ ಸಂಜೆ 4 ಲೀಟರ್ ಹಾಲು ಕೊಡುವ ಹಸು. ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಬಂದು, "ಏನವ್ವಾ, ನಿನ್ನ ಹಸುವಿಗೆ ಕೆಚ್ಚಲು ತುಂಬಾ ಹಾಲು!" ಎಂದರು. ಅಂದು ಸಂಜೆ ಸಿಕ್ಕಿದ್ದು ಎರಡೂವರೆ ಲೀಟರ್. ಅಜ್ಜಿಯ ಕಣ್ಣು ಬಿದ್ದಿದೆ. ಅವರ ಕಣ್ಣು ಕೆಟ್ಟದ್ದಂತೆ. ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಂಗಳವಾರ ಸಂಜೆ ಮತ್ತೆ 4 ಲೀಟರ್. ದೃಷ್ಟಿ ಹೋಯಿತು.'

ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಕಟ್ಟು ಕೊಡಿ. ಕಥೆಯನ್ನು ಎರಡು ಸಲ ಓದಿ. ಆಮೇಲೆ ಚೀಟಿಗಳನ್ನು ಮೂರು ಗುಡ್ಡೆ ಮಾಡಲಿ: ಕಂಡದ್ದು, ಯಾರೋ ಹೇಳಿದ್ದು, ಊಹಿಸಿದ್ದು. ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಜಗಳ ಏಳುವುದು ನಾಲ್ಕನೇ ವಾಕ್ಯದ ಮೇಲೆ, ಏಳಲಿ. ಈ ಕೆಲಸಕ್ಕೆ ಕನ್ನಡ ನಮಗೆ ಒಳ್ಳೆಯ ಸಲಕರಣೆ ಕೊಟ್ಟಿದೆ. ಕಂಡಿದ್ದರೆ 'ಬಂದಿದೆ', ಊಹೆಯಾದರೆ 'ಬಂದಿರಬೇಕು', ಯಾರೋ ಹೇಳಿದ್ದಾದರೆ 'ಬಂದಿದೆಯಂತೆ'. 'ಕಣ್ಣು ಬಿದ್ದಿದೆ' ಎಂಬುದು ಊಹೆ, ಆದರೆ ಕಂಡ ಸಂಗತಿಯ ವೇಷದಲ್ಲಿದೆ. ಮಕ್ಕಳು ಅದನ್ನು 'ಬಿದ್ದಿರಬೇಕು' ಎಂದು ತಾವೇ ತಿದ್ದಿದರೆ ಅರ್ಧ ಪಾಠ ಮುಗಿದಂತೆ. 'ಪಕ್ಕದೂರಿಗೆ ಚಿರತೆ ಬಂದಿದೆಯಂತೆ' ಎಂದು ಒಬ್ಬರ ಕಿವಿಯಲ್ಲಿ ಹೇಳಿ, ಹತ್ತು ಮಕ್ಕಳಿಗೆ ದಾಟಿಸಿ ನೋಡಿ. ಕೊನೆಗೆ ಬಹಳ ಸಲ ಚಿರತೆ ಉಳಿದಿರುತ್ತದೆ, 'ಅಂತೆ' ಬಿದ್ದುಹೋಗಿರುತ್ತದೆ.

ಮುಂದಿನ ಹದಿನೈದು ನಿಮಿಷ ಕಪ್ಪುಹಲಗೆಯ ಮೇಲೆ ನಾಲ್ಕು ಮನೆಗಳ ಚೌಕ. ಹೊಗಳಿದರು, ಹಾಲು ಇಳಿಯಿತು. ಹೊಗಳಿದರು, ಇಳಿಯಲಿಲ್ಲ. ಹೊಗಳಲಿಲ್ಲ, ಆದರೂ ಇಳಿಯಿತು. ಹೊಗಳಲಿಲ್ಲ, ಇಳಿಯಲೂ ಇಲ್ಲ. ಊರಿನವರ ನೆನಪಿನಲ್ಲಿ ಉಳಿಯುವುದು ಮೊದಲನೆಯ ಮನೆಯೊಂದೇ. ಉಳಿದ ಮೂರನ್ನು ಹೇಗೆ ತುಂಬುವುದು? ಹಸು ಇರುವ ಮನೆಯ ಮಕ್ಕಳು ಮೂವತ್ತು ದಿನ ಪಟ್ಟಿ ಇಡಲಿ: ಹಾಲು ಎಷ್ಟು, ಮೇವು ಬದಲಾಯಿತೇ, ನೀರು ಕಡಿಮೆಯಾಯಿತೇ, ಬೆದೆಗೆ ಬಂದಿತ್ತೇ, ಕರೆದವರು ಯಾರು, ಯಾರಾದರೂ ಹೊಗಳಿದರೇ. ಹೊಗಳಿಕೆಯ ಸಾಲನ್ನು ಹಾಲು ಕರೆಯುವ ಮೊದಲೇ ಬರೆದಿರಬೇಕು. ಇದನ್ನು ಬಿಟ್ಟರೆ ಪಟ್ಟಿಯೇ ಕೆಡುತ್ತದೆ. ಹಾಲು ಇಳಿದ ದಿನ ಮಾತ್ರ 'ಇವತ್ತು ಯಾರು ಬಂದಿದ್ದರು?' ಎಂದು ಹುಡುಕುತ್ತೇವೆ, ಹುಡುಕಿದರೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಹಾಲನ್ನು ಅಳತೆಯ ಪಾತ್ರೆಯಲ್ಲೇ ಅಳೆಯಬೇಕು, ಕಣ್ಣಂದಾಜು ಬೇಡ. ಮಂಗಳವಾರದ ಬಗ್ಗೆಯೂ ಕೇಳಿ: ನಿವಾಳಿಸದೆ ಇದ್ದಿದ್ದರೆ? ದಿನವೂ 4 ಲೀಟರ್ ಕೊಡುವ ಆರೋಗ್ಯವಂತ ಹಸು ಒಂದು ಹೊತ್ತು ಕಡಿಮೆ ಕೊಟ್ಟರೆ, ಮರುದಿನ ಮಾಮೂಲಿಗೆ ಮರಳುವ ಸಾಧ್ಯತೆಯೇ ಹೆಚ್ಚು.

ಪಾಠ ಕೆಡುವುದು ಹೆಚ್ಚಾಗಿ ನಮ್ಮಿಂದಲೇ. 'ಹಾಗಾದರೆ ದೃಷ್ಟಿ ಸುಳ್ಳು ಅಲ್ಲವೇ ಮಕ್ಕಳೇ?' ಎಂದು ಕೇಳಿದರೆ 'ಹೌದು ಮೇಷ್ಟ್ರೇ' ಎಂಬ ಉತ್ತರ ಬರುತ್ತದೆ. ಅಲ್ಲಿ ಆಲೋಚನೆ ನಡೆದಿಲ್ಲ, ಮೇಷ್ಟ್ರ ಮುಖ ಓದಿದ್ದಾರೆ ಅಷ್ಟೇ. ಮಗು ಮನೆಗೆ ಹೋಗಿ ಅಮ್ಮನನ್ನು ಹೀಯಾಳಿಸಿದರಂತೂ ಪಾಠ ಪೂರಾ ಸೋತಂತೆ. ಅಮ್ಮ ಹಸುವಿನ ಮೇಲಿನ ಅಕ್ಕರೆಯಿಂದಲೇ ನಿವಾಳಿಸಿದ್ದು. ಆದ್ದರಿಂದ ಕೊನೆಯ ಎಂಟು ನಿಮಿಷದಲ್ಲಿ ಅದೇ ಕಥೆಯನ್ನು ಅಜ್ಜಿಯ ಬಾಯಿಂದ ಬರೆಸಿ. ಪ್ರೀತಿಯಿಂದ ಆಡಿದ ಒಂದು ಮಾತಿಗೆ ಊರು ಅಜ್ಜಿಯ ಕಣ್ಣನ್ನೇ ಕೆಟ್ಟದ್ದೆಂದರೆ ಅವರಿಗೆ ಹೇಗಾಗುತ್ತದೆ ಎಂಬುದು ಆಗ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಮುಂದಿನ ವಾರ ನಂಬಿಕೆಯ ಕಥೆ ಬೇಡ. 'ಟ್ಯೂಷನ್‌ಗೆ ಸೇರಿದ ಮೇಲೆ ಅಂಕ ಏರಿತು' ಎಂಬುದನ್ನು ಅದೇ ನಾಲ್ಕು ಮನೆಗಳಿಗೆ ಹಾಕಿಸಿ.

ಎಂಟನೇ ತರಗತಿ ದಾಟಿದವರಿಗೆ 2018ರ ಒಂದು ವಿಡಿಯೊದ ಕಥೆ ಹೇಳಬಹುದು. ತೋರಿಸುವುದು ಬೇಡ, ಬಾಯಲ್ಲಿ ಹೇಳಿದರೆ ಸಾಕು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದು ಅಷ್ಟೇ. ಅದು ಕರಾಚಿಯಲ್ಲಿ ಜಾಗೃತಿಗಾಗಿ ಮಾಡಿದ ಕಿರುಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ತುಣುಕನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಗೆ ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬರು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು ಗುಂಪಿನ ಹೊಡೆತಕ್ಕೆ ಸತ್ತರು.

ಇದನ್ನು ಹೇಳುವಾಗ ಬೈಕು ಹೊರಟಲ್ಲಿಗೆ ನಿಲ್ಲಿಸಿ. ಮಗು ಮರಳಿದ ವಾಕ್ಯದ ಚೀಟಿ ನಿಮ್ಮ ಜೇಬಿನಲ್ಲಿರಲಿ. 'ಮುಂದೇನಾಯ್ತು? ಇದನ್ನು ತೆಗೆದವರು ಯಾರು?' ಎಂದು ಒಂದು ಮಗುವಾದರೂ ಕೇಳುವವರೆಗೆ ಅದನ್ನು ತೆಗೆಯಬೇಡಿ, ಅವಧಿಯ ಗಂಟೆ ಹೊಡೆದರೂ ಸರಿ.