ಎಲೆ ಉದುರಿದ ಕಾಡು ಎಷ್ಟು ಧೂಳು ಹಿಡಿದೀತು?

ಸಂಡೂರಿನ ಕಾಡು ಅದಿರಿನ ಧೂಳನ್ನೂ ಕಾರ್ಖಾನೆಗಳ ಅನಿಲಗಳನ್ನೂ ಹೀರಿ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂಬ ಮಾತು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಆದರೆ ಯಾವ ವಸ್ತು, ಯಾವ ಋತು, ದಿನದ ಯಾವ ಹೊತ್ತು ಎಂಬುದನ್ನು ಬಿಟ್ಟು ಹೇಳಿದರೆ ಅದಕ್ಕೆ ಅರ್ಥವಿಲ್ಲ.

ಅನಿಲವೊಂದು ಎಲೆಯನ್ನು ಸೇರಬೇಕಾದರೆ, ಗಾಳಿಯ ಸುಳಿಗಳು ಅದನ್ನು ಮರದ ನೆತ್ತಿಯವರೆಗೆ ತರಬೇಕು, ಎಲೆಯ ಮೇಲ್ಮೈಗೆ ಹತ್ತಿಕೊಂಡ ತೆಳುವಾದ ನಿಶ್ಚಲ ಗಾಳಿಯ ಪದರವನ್ನು ಅದು ಹಾಯಬೇಕು, ಕೊನೆಗೆ ಎಲೆ ಅದನ್ನು ಸ್ವೀಕರಿಸಬೇಕು. ನೈಟ್ರಿಕ್ ಆಮ್ಲದ ಆವಿ ಮುಟ್ಟಿದ ಕಡೆಯಲ್ಲೆಲ್ಲ ಅಂಟುತ್ತದೆ. ಸಲ್ಫರ್ ಡೈಆಕ್ಸೈಡ್ ಇಬ್ಬನಿಯಿಂದ ಒದ್ದೆಯಾದ ಎಲೆಯಲ್ಲಿ ಸುಲಭವಾಗಿ ಕರಗುತ್ತದೆ. ಓಝೋನ್ ಮಾತ್ರ ಗಣನೀಯ ಪಾಲಿಗೆ ಪತ್ರರಂಧ್ರಗಳ, ಅಂದರೆ ಎಲೆ ಉಸಿರಾಡುವ ಸೂಕ್ಷ್ಮ ರಂಧ್ರಗಳ, ದಾರಿಯನ್ನು ನೆಚ್ಚಿಕೊಂಡಿದೆ. ನೆಲ ಒಣಗಿದ ಏಪ್ರಿಲ್ ಮಧ್ಯಾಹ್ನ ಗಿಡ ನೀರು ಉಳಿಸಿಕೊಳ್ಳಲು ಆ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಬಿಸಿಲಿನಿಂದ ಓಝೋನ್ ಹೆಚ್ಚು ಹುಟ್ಟುವ ಹೊತ್ತೂ ಅದೇ.

ಕಣಗಳ ಕಥೆ ಇನ್ನೂ ಸೂಕ್ಷ್ಮವಾದದ್ದು. ಹತ್ತು ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದೊಡ್ಡದಾದ ಅದಿರಿನ ಕಣ ತನ್ನ ಭಾರದಿಂದಲೇ ಇಳಿಯುತ್ತದೆ. ಲಾರಿ ಓಡಾಡುವ ರಸ್ತೆಯ ಪಕ್ಕದ ಗಿಡಗಳು ಕೆಂಪಾಗುವುದು ಹೆಚ್ಚಾಗಿ ಇಂಥ ದಪ್ಪ ಧೂಳಿನಿಂದ. 0.1 ಮೈಕ್ರಾನ್‌ಗಿಂತ ಚಿಕ್ಕದು ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಲೆಯುತ್ತ ಎಲೆಗೆ ತಾಗುತ್ತದೆ. ಇವೆರಡರ ನಡುವೆ, ಸುಮಾರು 0.1ರಿಂದ 1 ಮೈಕ್ರಾನ್ ಗಾತ್ರದ ಕಣಕ್ಕೆ ಬೀಳುವಷ್ಟು ಭಾರವೂ ಇಲ್ಲ, ಅಲೆಯುವಷ್ಟು ಹಗುರವೂ ಇಲ್ಲ. ಅದು ಗಾಳಿಯೊಂದಿಗೆ ಎಲೆಯನ್ನು ಬಳಸಿಕೊಂಡು ಮುಂದೆ ಹೋಗಿಬಿಡುತ್ತದೆ. ಹೊಗೆಯ ಕಣಗಳೂ ಸಲ್ಫೇಟ್ ಕಣಗಳೂ ಹೆಚ್ಚಾಗಿರುವುದು ಈ ಗಾತ್ರದಲ್ಲಿಯೇ, ಶ್ವಾಸಕೋಶದ ಆಳಕ್ಕೆ ಇಳಿಯುವವೂ ಇವೇ. ಆದ್ದರಿಂದ ಎಲೆ ಕೆಂಪಾಗಿದೆ ಎಂದ ಮಾತ್ರಕ್ಕೆ ಉಸಿರಾಡುವ ಗಾಳಿ ತಿಳಿಯಾಯಿತೆಂದು ನಂಬುವುದು ಅಪಾಯಕರವೆಂದೇ ನನ್ನ ಅಭಿಪ್ರಾಯ.

ಹಿಡಿದ ಧೂಳು ಅಲ್ಲೇ ಉಳಿಯುವುದೂ ಇಲ್ಲ. ಮಳೆ ಬಂದು ನೆಲಕ್ಕೆ ತೊಳೆಯುವವರೆಗೆ ಬಿರುಗಾಳಿ ಅದನ್ನು ಮತ್ತೆ ಎಬ್ಬಿಸಬಲ್ಲದು. ಮೇಲಾಗಿ ದಿಂಡಿಗ, ತೇಗಗಳಂಥ ಎಲೆ ಉದುರುವ ಮರಗಳ ಈ ಕಾಡು, ಧೂಳು ಅತಿಯಾಗಿರುವ ಬೇಸಿಗೆಯಲ್ಲಿಯೇ ಬಹುಮಟ್ಟಿಗೆ ಬರಿದಾಗಿ ನಿಂತಿರುತ್ತದೆ.

ಸಸ್ಯ ಕೊಡುವುದೂ ಉಂಟು. ಯೂರಿಯಾ ಉಂಡ ಗಂಗಾವತಿ, ಸಿಂಧನೂರಿನ ಭತ್ತದ ಎಲೆ, ತನ್ನೊಳಗಿನ ಅಮೋನಿಯಾದ ಮಟ್ಟ ಹೊರಗಿನದಕ್ಕಿಂತ ಏರಿದಾಗ ಅದನ್ನು ಗಾಳಿಗೆ ಬಿಡುತ್ತದೆ, ಇಳಿದಾಗ ಹೀರುತ್ತದೆ.

ಧೂಳು ತಡೆಯಲು ಮರ ಬೆಳೆಸುವ ಹಸಿರು ಪಟ್ಟಿಯ ಯೋಜನೆಗಳಲ್ಲಿ ಸಸಿಗಳ ಸಂಖ್ಯೆಯೊಂದನ್ನೇ ಬರೆಯುವುದು ಇದರಿಂದಾಗಿ ಸಾಲದು. ಮಾರ್ಚ್‌ನಿಂದ ಮೇವರೆಗೆ ಪ್ರತಿ ತಿಂಗಳು ಎಷ್ಟು ಎಲೆಹೊದಿಕೆ ಇರುತ್ತದೆ ಎಂಬುದನ್ನು ಬರೆಯಬೇಕು, ಬೇಸಿಗೆಯಲ್ಲೇ ಚಿಗುರುವ ಬೇವು, ಹೊಂಗೆಗಳಿಗೆ ಪಾಲು ಹೆಚ್ಚಿಸಬೇಕು. ಎಲೆಗೆ ಸಿಗದ ಸಣ್ಣ ಕಣವನ್ನು ಚಿಮಣಿಯ ಬಾಯಲ್ಲಿಯೇ ಹಿಡಿಯಬೇಕು.